ಬಸ್ಸು ನಿಂತಷ್ಟು ಹೊತ್ತು

ಇಳಕಲ್
೬ ಸೆಪ್ಟೆಂಬರ್ ೧೯೮೧

ಮನೆಯ ಯಜಮಾನರಿಗೆ ಶಿವಲಿಂಗವ್ವನ ನಮಸ್ಕಾರಗಳು. ಇಲ್ಲಿ ಎಲ್ಲರೂ ಆರಾಮ ಇದ್ದಾರೆ, ನನ್ನೊಬ್ಬಳನ್ನು ಬಿಟ್ಟು. ಅತ್ತೆಯವರ ಮೊಣಕಾಲು ನೋವು ಕಡಿಮೆಯಾಗಿದೆ. ಮಗ್ಗದ ಮೇಲಿನ ಸೀರೆ ಸೆರಗಿನ ತನಕ ಬಂದಿತ್ತು, ಮೊನ್ನೆಯಿಂದ ಅಲ್ಲೇ ನಿಂತಿದೆ. ಲಾಳಿ ಹಿಡಿದರೆ ಎಳೆ ತಪ್ಪುತ್ತದೆ. ಏಕೆ ತಪ್ಪುತ್ತದೆ ಎಂದು ನೀವೇ ಹೇಳಬೇಕು.

ನಮಗೆ ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುವ ಕಾಸಿಂಬಿ ಹುಬ್ಬಳ್ಳಿಗೆ ಮಗಳ ಮನೆಗೆ ಹೋಗಿದ್ದಳಲ್ಲ, ಮೊನ್ನೆ ಸಂಜೆ ತಿರುಗಿ ಬಂದಳು. ಬಸ್ಸಿನಿಂದ ಇಳಿದವಳು ತನ್ನ ಮನೆಗೂ ಹೋಗದೆ ಸೀದಾ ನಮ್ಮ ಕಟ್ಟೆಗೆ ಬಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು: "ಶಿವಲಿಂಗಿ, ನಿನ್ನ ಗಂಡನ್ನ ಕೆರೂರ ಬಸ್‌ಸ್ಟ್ಯಾಂಡಿನ್ಯಾಗ ನೋಡಿದ್ನೆವಾ. ನೆಲಕ್ಕ ಬಿದ್ದ ಹೆಂಗಸಿನ ಬಾಯಿಗೆ ಬಾಯಿ ಹಚ್ಚಿ ಉಸರ ಊದಾಕತ್ತಿದ್ದ. ಭಾಳ ದೊಡ್ಡ ಮನಸ್ಯಾ ಬಿಡು ನಿನ್ನ ಗಂಡ."

ದೊಡ್ಡ ಮನುಷ್ಯ ಎಂದಾಗ ಅವಳ ದನಿಯಲ್ಲಿ ಇದ್ದ ಕೊಂಕು ತಿಳಿಯದಷ್ಟು ದಡ್ಡಿ ನಾನಲ್ಲ. ಆಗಿನಿಂದ ನಳಕ್ಕೆ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ಇನ್ನೂ ಒಂದು ಮಾತು ಹೇಳಿದಳು. ಕಿಟಕಿಯಲ್ಲಿ ಅವಳನ್ನು ಕಂಡ ಕೂಡಲೆ ನೀವು ಎದ್ದು, ಮೊಣಕಾಲು ಒರೆಸಿಕೊಂಡು ಬದಿಗೆ ಸರಿದು ನಿಂತಿರಂತೆ. ಅಷ್ಟರಲ್ಲಿ ಅವಳ ಬಸ್ಸು ಬಿಟ್ಟಿತಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ. ಕಳ್ಳತನ ಅಲ್ಲದಿದ್ದರೆ ಏಕೆ ಎದ್ದಿರಿ?

ನನ್ನ ಹೊಟ್ಟೆಕಿಚ್ಚು ನಿಮಗೆ ಹೊಸದಲ್ಲ. ಹೋದ ವರ್ಷ ನಿಮ್ಮ ಬಸ್ಸಿನಲ್ಲಿ ದಿನಾ ಮುಂದಿನ ಸೀಟು ಹಿಡಿಯುವ ಮಾಸ್ತರಬಾಯಿಯ ವಿಷಯಕ್ಕೆ ನಾಲ್ಕು ದಿನ ಮಾತು ಬಿಟ್ಟು, ನಿಮ್ಮ ಖಾಕಿ ಅಂಗಿಯನ್ನು ತೊಳೆಯದೆ ಹಾಗೇ ಕಳಿಸಿದ್ದೆ. ಆಕೆ ಬರೀ ನಕ್ಕಿದ್ದಳು. ಇದು ನಗುವಲ್ಲ, ಬಾಯಿ.

ಮದುವೆಯಾಗಿ ಮೂರು ವರ್ಷ ನೀವು ಅಲ್ಲಿ, ನಾನು ಇಲ್ಲಿ. ದೀವಳಿಗೆಗೆ ಬಾದಾಮಿಗೆ ಕರೆದುಕೊಂಡು ಹೋಗುತ್ತೇನೆ, ಖೋಲಿ ಹಿಡಿದಿದ್ದೇನೆ ಎಂದಿದ್ದೀರಿ. ರೊಟ್ಟಿ ಹೆಂಚು, ಎರಡು ಕೊಡ, ನನ್ನ ನಾಲ್ಕು ಸೀರೆ ಗಂಟು ಕಟ್ಟಿ ಇಟ್ಟಿದ್ದೇನೆ. ಗಂಟು ಇರಲೋ ಬಿಚ್ಚಲೋ ತಿಳಿಸಿ.

ಶಿವಲಿಂಗವ್ವ


ಬಾದಾಮಿ
೧೨ ಸೆಪ್ಟೆಂಬರ್ ೧೯೮೧

ಚಿ. ಸೌ. ಶಿವಲಿಂಗವ್ವನಿಗೆ ಅಮಾತೆಪ್ಪನ ಆಶೀರ್ವಾದ. ಪತ್ರ ಮುಟ್ಟಿತು. ಗಂಟು ಬಿಚ್ಚಬೇಡ.

ಕಾಸಿಂಬಿ ನೋಡಿದ್ದು ಖರೆ. ಆದರೆ ಅದು ನೀನು ತಿಳಿದಂಥದ್ದಲ್ಲ. ಕಂಡಕ್ಟರ್ ಬಿಲ್ಲೆ ಸಿಗಬೇಕಾದರೆ ಪ್ರಥಮೋಪಚಾರದ ಸರ್ಟಿಫಿಕೇಟ್ ಬೇಕು. ಹುಬ್ಬಳ್ಳಿಯಲ್ಲಿ ನಮಗೆ ಕಲಿಸಿದರು. ಗಾಯ ಕಟ್ಟುವುದು, ಮುರಿದ ಕೈಗೆ ಪಟ್ಟಿ, ಹಾವು ಕಚ್ಚಿದರೆ ಏನು, ಫಿಟ್ಸ್ ಬಂದವರ ಕೈಗೆ ಕೀಲಿಕೈ ಕೊಡುವುದು ಏಕೆ ಕೆಲಸಕ್ಕೆ ಬಾರದ್ದು, ಎಲ್ಲ. ಉಸಿರು ಕೊಡುವುದನ್ನು ಗಂಡಸರು ಗಂಡಸರೇ ಜೋಡಿಯಾಗಿ ಕಲಿತೆವು. ನನ್ನ ಜೋಡಿ ಬಂದೇನವಾಜ. ಅವನ ಬಾಯಿಯ ತಂಬಾಕಿನ ವಾಸನೆಗೆ ನಾನು ಮಧ್ಯಾಹ್ನ ಊಟ ಬಿಟ್ಟಿದ್ದೆ. ಅವನ ಮೇಲೂ ಹೊಟ್ಟೆಕಿಚ್ಚು ಪಡುತ್ತೀಯಾದರೆ ಪಡು.

ಆವತ್ತು ಮಳೆ ಬಂದು ನಿಂತಿತ್ತು. ಚಹಾದಂಗಡಿಯ ತಗಡಿನ ಚಪ್ಪರದ ಕಬ್ಬಿಣದ ಕಂಬಕ್ಕೆ ಕರೆಂಟು ಇಳಿದಿತ್ತು. ಆ ಹೆಣ್ಣುಮಗಳು ಕಂಬ ಹಿಡಿದಳು, ಹಿಡಿದ ಕೈ ಬಿಡಲಿಲ್ಲ. ಜನ ಹಿಡಿದೆಳೆಯಲು ಹೊರಟಿದ್ದರು, ನಾನು ತಡೆದೆ. ಫ್ಯೂಸ್ ತೆಗೆಯಿರಿ ಎಂದು ಕೂಗಿ, ಒಣ ಕಟ್ಟಿಗೆಯಿಂದ ಕೈ ಬಿಡಿಸಿದೆ. ಅಂಗಾತ ಮಲಗಿಸಿ ಭುಜ ಅಲುಗಿಸಿ ಕರೆದೆ. ಓ ಅನ್ನಲಿಲ್ಲ. ಮೂಗಿನ ಹತ್ತಿರ ಕಿವಿ ಇಟ್ಟೆ, ಉಸಿರಿಲ್ಲ. ಗಂಟಲ ಬದಿಗೆ ಬೆರಳಿಟ್ಟೆ, ನಾಡಿ ಇಲ್ಲ. ಅಂಥ ಹೊತ್ತಿನಲ್ಲಿ ಹಣೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಎದೆ ಏರುವ ತನಕ ಎರಡು ಸಲ ಊದಬೇಕು. ಆಮೇಲೆ ಎದೆಯ ನಡುವಿನ ಎಲುಬಿನ ಕೆಳಭಾಗದ ಮೇಲೆ ಅಂಗೈ ಊರಿ, ಅದರ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಮಡಚದೆ ಹದಿನೈದು ಸಲ ಒತ್ತಬೇಕು. ಮತ್ತೆ ಎರಡು ಸಲ ಊದಬೇಕು. ಅಷ್ಟೇ ಮಾಡಿದ್ದು.

ಖೋಲಿಗೆ ಸುಣ್ಣ ಹೊಡೆಸುತ್ತೇನೆ. ಅವ್ವನ ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡ.

ಅಮಾತೆಪ್ಪ


ಇಳಕಲ್
೧೯ ಸೆಪ್ಟೆಂಬರ್ ೧೯೮೧

ಯಜಮಾನರಿಗೆ ನಮಸ್ಕಾರ. ನಿಮ್ಮ ಪತ್ರವನ್ನು ಇಪ್ಪತ್ತು ಸಲ ಓದಿದ್ದೇನೆ. ಸುಳ್ಳು ಎಲ್ಲಿದೆ ಎಂದು ಹುಡುಕಲು ಓದಿದೆ. ಈಗ ನೋಡದೆ ಒಪ್ಪಿಸಬಲ್ಲೆ. ಅಂಗೈ ಎಲ್ಲಿ ಊರಬೇಕು, ಗದ್ದ ಎಷ್ಟು ಎತ್ತಬೇಕು, ಹದಿನೈದು, ಎರಡು. ಮೂರು ವರ್ಷದಲ್ಲಿ ನನ್ನ ಗದ್ದ ಎಂದಾದರೂ ಎತ್ತಿದ್ದೀರಾ? ನನ್ನ ನಾಡಿ ಇದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಿದ್ದೀರಾ?

ಒಂದು ದಿನ ಅಡುಗೆ ಮನೆಯಲ್ಲಿ ದಿಂಬಿನ ಮೇಲೆ ಮಾಡಿ ನೋಡಿದೆ. ಹದಿನೈದು ಸಲ ಒತ್ತಿ ಎರಡು ಸಲ ಊದುವಷ್ಟರಲ್ಲಿ ತುಟಿ ದಿಂಬಿಗೆ ಎಷ್ಟು ಹೊತ್ತು ಇರುತ್ತದೆ ಎಂದು ತಿಳಿಯಬೇಕಿತ್ತು. ಅತ್ತೆಯವರು ಬಾಗಿಲಲ್ಲಿ ಬಂದು ನಿಂತು, ಇದೇನು ಎಂದು ಕೇಳಿದರು. ಹತ್ತಿ ತುಂಬುತ್ತಿದ್ದೇನೆ ಎಂದೆ. ಅವರಿಗೆ ಎಲ್ಲ ಗೊತ್ತು. ಜೀವ ಉಳಿಸಿದರೆ ಪುಣ್ಯ, ಅದಕ್ಕೆ ಮುನಿಯುವವಳು ನೀನೊಬ್ಬಳೇ ಎಂದರು. ಮಗನ ತಾಯಿಗೆ ಹಾಗೇ ಕಾಣುತ್ತದೆ.

ಅಷ್ಟೇ ಮಾಡಿದ್ದು ಎಂದು ನೀವು ಬರೆದ ಮಾತಿಗಿಂತ ಮುಂಚೆ ಒಂದು ಸಾಲನ್ನು ಹೊಡೆದು ಹಾಕಿದ್ದೀರಿ. ಬರೀ ಗೀಟು ಎಳೆದಿಲ್ಲ, ಶಾಯಿ ಸುರಿದು ಕಾಗದ ಹರಿಯುವ ಹಾಗೆ ಉಜ್ಜಿದ್ದೀರಿ. ಬಿಸಿಲಿಗೆ ಹಿಡಿದು ನೋಡಿದೆ, ಕಾಣಲಿಲ್ಲ. ಅದು ಅವಳ ಹೆಸರೇ ಇರಬೇಕು.

ಕಾಸಿಂಬಿಯನ್ನು ನೋಡಿ ಏಕೆ ಎದ್ದಿರಿ ಎಂದು ಕೇಳಿದ್ದೆ. ಅದಕ್ಕೆ ಉತ್ತರ ಇಲ್ಲ. ಬಂದೇನವಾಜನ ತಂಬಾಕಿನ ಕಥೆ ಇದೆ. ಅವಳು ಎದ್ದು ಕೂತು ಏನಂದಳು? ನಿಮ್ಮನ್ನು ನೋಡಿ ನಕ್ಕಳೇ? ವಯಸ್ಸೆಷ್ಟು? ಈಗ ನಿಮ್ಮ ಬಸ್ಸು ಹತ್ತುತ್ತಾಳೆಯೇ? ಹತ್ತಿದರೆ ಯಾವ ಸೀಟು? ಒಂದೊಂದಕ್ಕೂ ಉತ್ತರ ಬರೆಯಿರಿ.

ಶಿವಲಿಂಗವ್ವ


ಬಾದಾಮಿ
೩ ಅಕ್ಟೋಬರ್ ೧೯೮೧

ಚಿ. ಸೌ. ಶಿವಲಿಂಗವ್ವನಿಗೆ ಆಶೀರ್ವಾದ.

ಬರೆಯಲು ತಡವಾಯಿತು, ಮೈಯಲ್ಲಿ ಹುಷಾರಿರಲಿಲ್ಲ. ಅವಳ ಹೆಸರು ಮಾದೇವಿ. ಕೆರೂರಿನಿಂದ ಮೂರು ಮೈಲಿ ದೂರದ ಹಳ್ಳಿ. ಗಂಡನ ಹೆಸರು ಕಲ್ಲಪ್ಪ. ನನ್ನ ಬಸ್ಸು ಹತ್ತುವುದಿಲ್ಲ.

ಮಾನವಮಿ ಹಬ್ಬಕ್ಕೆ ಊರಿಗೆ ಬರಲು ಆಗುವುದಿಲ್ಲ. ಸ್ವಲ್ಪ ಕೆಲಸವಿದೆ. ಅವ್ವನಿಗೆ ಹೇಳು. ಉಳಿದದ್ದನ್ನು ಬಂದಾಗ ಮಾತಾಡೋಣ. ಎಲ್ಲವನ್ನೂ ಕಾಗದದಲ್ಲಿ ಬರೆಯಲಾಗುವುದಿಲ್ಲ.

ಅಮಾತೆಪ್ಪ


ಇಳಕಲ್
೧೪ ಅಕ್ಟೋಬರ್ ೧೯೮೧

ಈ ಸಲ ನಮಸ್ಕಾರ ಬರೆಯುವುದಿಲ್ಲ.

ಮಾನವಮಿಯ ಮರುದಿನ ಓಣಿಯವರೆಲ್ಲ ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಎಂದು ಹೇಳಿ ಹೋದರು. ನಾನು ಒಂದು ಎಲೆ ತೆಗೆದಿಟ್ಟಿದ್ದೆ, ಬಂದರೂ ಬರಬಹುದು ಎಂದು. ನಿಮ್ಮ ಬದಲು ಸೀರೆ ಮಾರುವ ಹನಮಂತಪ್ಪ ಬಂದ. ಅವನು ಬನ್ನಿಯ ದಿನವೇ ಕೆರೂರ ಕಡೆಯ ಬಸ್ಸಿನಲ್ಲಿದ್ದನಂತೆ. ನೀವು ಖಾಕಿ ಬಿಟ್ಟು ಬಿಳಿ ಅಂಗಿ ಹಾಕಿದ್ದಿರಂತೆ. ಒಂದು ಹಳ್ಳಿಯ ಕ್ರಾಸಿನಲ್ಲಿ ಇಳಿದಿರಂತೆ. ಕೈಯಲ್ಲಿ ಬಾಳೆಹಣ್ಣು, ಬನ್ನಿ, ಒಂದು ಸಣ್ಣ ಹುಡುಗಿಯ ಫ್ರಾಕು.

ಇದೇ ಆ ಸ್ವಲ್ಪ ಕೆಲಸ. ಹಬ್ಬದ ದಿನ ಹೆಂಡತಿಗೆ ಕೊಡಬೇಕಾದ ಬನ್ನಿಯನ್ನು ಅವಳಿಗೆ ಕೊಟ್ಟು ಬಂದಿರಿ. ಫ್ರಾಕು ಬೇರೆ. ನಮ್ಮ ಮನೆಯಲ್ಲಿ ಫ್ರಾಕು ಹಾಕುವವರಿಲ್ಲ ಎಂದು ನನಗೆ ಯಾರೂ ನೆನಪು ಮಾಡಿಕೊಡಬೇಕಾಗಿಲ್ಲ. ಆ ಕಲ್ಲಪ್ಪ ಎನ್ನುವ ಗಂಡ ಎಂಥವನು? ಮನೆಗೆ ಕರೆದು ಚಹಾ ಕೊಟ್ಟನೇ?

ಎಂಜಲು ಮಾಡಿದ ಬಾಯಿಗೆ ಋಣ ಹತ್ತುತ್ತದೆ ಎನ್ನುತ್ತಿದ್ದಳು ನಮ್ಮ ಅಜ್ಜಿ. ಹತ್ತಿತು. ಅವಳ ಮೈಯಲ್ಲಿ ಈಗ ಆಡುತ್ತಿರುವುದು ನಿಮ್ಮ ಉಸಿರು. ನನ್ನ ಪಾಲಿಗೆ ಏನು ಉಳಿಯಿತು, ಹಬ್ಬಕ್ಕೆ ಬಂದಾಗ ಒಗೆಯುವ ಅಂಗಿ. ದೇವರಾಣೆ ಹೇಳುತ್ತೇನೆ, ಆ ಮಾದೇವಿ ಆವತ್ತೇ ಸತ್ತು ಹೋಗಿದ್ದರೆ ಚಲೋ ಇತ್ತು.

ಗಂಟು ಬಿಚ್ಚಿದ್ದೇನೆ. ಹೆಂಚು ಒಲೆಯ ಮೇಲೆ ಇದೆ. ದೀವಳಿಗೆಗೆ ನಾನು ಹುನಗುಂದಕ್ಕೆ, ನನ್ನ ತವರಿಗೆ ಹೋಗುತ್ತೇನೆ. ಸುಣ್ಣ ಹೊಡೆಸಿದ ಖೋಲಿಯಲ್ಲಿ ಯಾರನ್ನು ಬೇಕಾದರೂ ಇಟ್ಟುಕೊಳ್ಳಿ.


ಬಾದಾಮಿ
೧೯ ಅಕ್ಟೋಬರ್ ೧೯೮೧

ಶಿವಲಿಂಗಿ,

ನೀನು ಕೇಳಿದ್ದಕ್ಕೆಲ್ಲ ಈಗ ಉತ್ತರ ಬರೆಯುತ್ತೇನೆ. ಮಾದೇವಿ ಎದ್ದು ಕೂಡಲಿಲ್ಲ. ಏನೂ ಅನ್ನಲಿಲ್ಲ. ನಗಲಿಲ್ಲ. ಅವಳು ಆವತ್ತೇ, ಅಲ್ಲೇ, ಬಸ್‌ಸ್ಟ್ಯಾಂಡಿನ ನೆಲದ ಮೇಲೆಯೇ ತೀರಿಕೊಂಡಳು. ನೀನು ಬಯಸಿದ್ದು ನೀನು ಬಯಸುವ ಮೊದಲೇ ಆಗಿದೆ.

ಹೊಡೆದು ಹಾಕಿದ ಸಾಲಿನಲ್ಲಿ ಇದ್ದದ್ದು ಅವಳ ಹೆಸರಲ್ಲ. ಹುಬ್ಬಳ್ಳಿಯಲ್ಲಿ ನಮಗೆ ಕಲಿಸಿದ ಸಾಹೇಬರು ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ ಮಾತು: ಉಸಿರು ಬರುವ ತನಕ, ಇಲ್ಲವೆ ಡಾಕ್ಟರು ಬರುವ ತನಕ ನಿಲ್ಲಿಸಬಾರದು. ಬರೆದ ಮೇಲೆ ಆ ಸಾಲನ್ನು ನನ್ನಿಂದ ನೋಡಲಾಗಲಿಲ್ಲ. ಏಕೆಂದರೆ ನಾನು ನಿಲ್ಲಿಸಿದೆ.

ನಾಲ್ಕು ಸುತ್ತು ಆಗಿತ್ತು. ಐದನೆಯದರಲ್ಲಿ ಅವಳ ಗಂಟಲಿನಲ್ಲಿ ಒಂದು ಸಪ್ಪಳವಾಯಿತು. ಬಂತು ಅಂದುಕೊಂಡೆ. ಅದೇ ಹೊತ್ತಿಗೆ ಹುಬ್ಬಳ್ಳಿ-ಇಳಕಲ್ ಬಸ್ಸು ಬಂದು ಎದುರಿಗೆ ನಿಂತಿತು. ನಾನು ಉಸಿರು ಎಳೆದುಕೊಳ್ಳಲು ತಲೆ ಎತ್ತಿದಾಗ ಕಿಟಕಿಯಲ್ಲಿ ಕಾಸಿಂಬಿ ಕಂಡಳು. ಅವಳ ತುಟಿ ಅಲುಗುತ್ತಿದ್ದವು. ಪಕ್ಕದವಳಿಗೆ ನನ್ನ ವಿಷಯವೇ ಹೇಳುತ್ತಿದ್ದಾಳೆ ಅನ್ನಿಸಿತು. ಇದು ಸಂಜೆಯೊಳಗೆ ನಮ್ಮ ಓಣಿಗೆ ಮುಟ್ಟುತ್ತದೆ, ಬರೀ ನಗುವಿಗೆ ನಾಲ್ಕು ದಿನ ಮಾತು ಬಿಟ್ಟವಳು ಇದಕ್ಕೆ ಏನು ಮಾಡುತ್ತಾಳೆ, ದೀವಳಿಗೆಗೆ ಬರುತ್ತಾಳೋ ಇಲ್ಲವೋ. ಇಷ್ಟೂ ತಲೆಯಲ್ಲಿ ಒಮ್ಮೆಗೇ ಬಂತು. ಎದ್ದುಬಿಟ್ಟೆ. ಮೊಣಕಾಲಿನ ಕೆಸರು ಒರೆಸಿಕೊಂಡೆ. ಜೀಪು ಸಿಗುತ್ತದೆಯೇ ನೋಡಿ, ದವಾಖಾನೆಗೆ ಒಯ್ಯೋಣ ಎಂದು ಯಾರಿಗೋ ಹೇಳುತ್ತ ಬದಿಗೆ ನಿಂತೆ. ಜನ ನಾನು ದಣಿದಿದ್ದೇನೆ ಎಂದು ತಿಳಿದು ನೀರು ಕೊಟ್ಟರು. ಕುಡಿದೆ.

ಆ ಬಸ್ಸು ಕೆರೂರಿನಲ್ಲಿ ಮೂರು ನಿಮಿಷ ನಿಲ್ಲುತ್ತದೆ. ಇದನ್ನು ಕಂಡಕ್ಟರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೀಟಿ ಆಯಿತು, ಬಸ್ಸು ತಿರುವು ದಾಟಿತು. ಆಮೇಲೆ ಮತ್ತೆ ಕೂತು ಬಾಯಿ ಹಚ್ಚಿದೆ. ಅರ್ಧ ಗಂಟೆ ಮಾಡಿದೆ, ಡಾಕ್ಟರು ಬಂದು ಕೈ ಹಿಡಿದು ಎಬ್ಬಿಸುವ ತನಕ. ಆ ಸಪ್ಪಳ ಮತ್ತೆ ಬರಲಿಲ್ಲ.

ಕಲ್ಲಪ್ಪ ಓಡಿ ಬಂದವನು ನನ್ನ ಕಾಲು ಮುಟ್ಟಿದ. ನನ್ನ ಹೆಂಡತಿಗಾಗಿ ಇಷ್ಟು ಮಾಡಿದಿರಿ ಎಂದ. ಮಾನವಮಿಗೆ ಅವನ ಮನೆಗೆ ಹೋದದ್ದು ಆ ಮೂರು ನಿಮಿಷದ ಮಾತು ಹೇಳಲು. ಅವರ ಮನೆಯಲ್ಲಿ ನಾಲ್ಕು ವರ್ಷದ ಹುಡುಗಿ ಇದ್ದಾಳೆ, ಬರಿಗೈಯಲ್ಲಿ ಹೇಗೆ ಹೋಗಲಿ ಎಂದು ಫ್ರಾಕು ಒಯ್ದೆ. ಕಲ್ಲಪ್ಪನ ತಾಯಿ ನನ್ನ ಕೈಗೆ ಬನ್ನಿ ಕೊಟ್ಟು, "ನೀ ಅಷ್ಟರ ಮಾಡಿದೆಪಾ, ಉಳದವರು ನಿಂತ ನೋಡಿದ್ರು" ಎಂದಳು. ಹೇಳಲಾಗಲಿಲ್ಲ. ಉಂಡು ಎದ್ದು ಬಂದೆ.

ನಿನ್ನ ತಪ್ಪು ಎಂದು ಬರೆಯುತ್ತಿಲ್ಲ. ನೀನು ಇಳಕಲ್ಲಿನಲ್ಲಿ ಮಗ್ಗದ ಮುಂದೆ ಇದ್ದೆ. ಎದ್ದದ್ದು ನಾನು. ಆದರೆ ನಿನಗೆ ಹೆದರಿ ಎದ್ದೆ ಎನ್ನುವುದನ್ನು ಮುಚ್ಚಿಟ್ಟು ನಿನ್ನ ಜೊತೆ ಒಂದೇ ಖೋಲಿಯಲ್ಲಿ ಇರಲಾರೆ. ಇದನ್ನು ಓದಿದ ಮೇಲೆ ನೀನು ಇರಬಲ್ಲೆಯೋ ಇಲ್ಲವೋ ಎನ್ನುವುದು ನಿನಗೆ ಬಿಟ್ಟದ್ದು.

ಅಮಾತೆಪ್ಪ


ಬಾದಾಮಿ
೨ ನವೆಂಬರ್ ೧೯೮೧
(ಕಾರ್ಡು)

ದೀವಳಿಗೆ ಆಯಿತು. ನಿನ್ನ ಪತ್ರ ಬಂದಿಲ್ಲ. ಕಾರ್ಡಿನಲ್ಲಿ ಹೆಚ್ಚು ಬರೆಯಲು ಬರುವುದಿಲ್ಲ. ಖೋಲಿ ಬಿಟ್ಟಿಲ್ಲ.

ಅಮಾತೆಪ್ಪ


ಇಳಕಲ್
೧೫ ನವೆಂಬರ್ ೧೯೮೧

ಯಜಮಾನರಿಗೆ ಶಿವಲಿಂಗವ್ವನ ನಮಸ್ಕಾರಗಳು.

ನಿಮ್ಮ ಪತ್ರ ಬಂದ ದಿನ ರೊಟ್ಟಿ ತಟ್ಟುತ್ತಿದ್ದೆ. ಓದಿದ ಮೇಲೆ ಹಿಟ್ಟಿಗೆ ಕೈ ಹಾಕಲಾಗಲಿಲ್ಲ. ಸತ್ತು ಹೋಗಿದ್ದರೆ ಚಲೋ ಇತ್ತು ಎಂದು ಬರೆದದ್ದು ಇದೇ ಕೈ. ಅತ್ತೆಯವರಿಗೆ ಜ್ವರ ಎಂದು ಹೇಳಿ ಮಲಗಿದೆ. ಬರೆದು ಕಳಿಸಿದ ಕಾಗದವನ್ನು ವಾಪಸ್ ತರಿಸಿಕೊಳ್ಳಲು ಯಾವ ಅಂಚೆಯಲ್ಲೂ ದಾರಿ ಇಲ್ಲ.

ಹುನಗುಂದಕ್ಕೆ ಹೋದೆ, ಜಗಳಕ್ಕಲ್ಲ. ಅಲ್ಲಿನ ದವಾಖಾನೆಯಲ್ಲಿ ಕೂಸು ಎತ್ತಿಕೊಂಡ ಹೆಂಗಸರ ಪಾಳಿಯಲ್ಲಿ ಎರಡು ತಾಸು ನಿಂತೆ. ಡಾಕ್ಟರು ಏನು ಬ್ಯಾನಿ ಎಂದು ಕೇಳಿದರು. ಕರೆಂಟು ಹೊಡೆದವರಿಗೆ ಉಸಿರು ಊದುತ್ತ ಊದುತ್ತ ಒಬ್ಬರು ಮೂರು ನಿಮಿಷ ಬಿಟ್ಟರೆ ಏನಾಗುತ್ತದೆ ಎಂದೆ. ಯಾರಿಗೆ ಎಂದರು. ನಮ್ಮ ಪೈಕಿಯವರಿಗೆ ಎಂದೆ. ಅವರು ಹೇಳಿದರು: "ಬಿಡದ ಮಾಡಿದ್ರ ಉಳೀತಿದ್ರು ಅಂತ ಹೇಳಾಕ ಬರೂದಿಲ್ಲ ತಾಯಿ. ಉಳೀತಿದ್ದಿಲ್ಲ ಅಂತನೂ ಹೇಳಾಕ ಬರೂದಿಲ್ಲ."

ಎರಡರಲ್ಲಿ ಒಂದನ್ನು ಕೇಳಿ ಬರಲು ಹೋಗಿದ್ದೆ. ಎರಡನ್ನೂ ಕೊಟ್ಟು ಕಳಿಸಿದರು. ಹಾಗಾದರೆ ಯಾವಾಗ ನಿಲ್ಲಿಸಬಹುದು ಎಂದು ಕೇಳಿದೆ. ಉಸಿರು ಬಂದಾಗ, ಇಲ್ಲವೆ ಮತ್ತೊಬ್ಬರು ಕೈಗೆ ತೆಗೆದುಕೊಂಡಾಗ, ಇಲ್ಲವೆ ಡಾಕ್ಟರು ಬಂದಾಗ, ಇಲ್ಲವೆ ಮಾಡುವವನ ಕೈ ಸೋತು ಬಿದ್ದಾಗ ಎಂದರು. ಹೆಂಡತಿ ಏನಂದುಕೊಂಡಾಳು ಎಂದು ಅನ್ನಿಸಿದಾಗ ಎನ್ನುವುದು ಅದರಲ್ಲಿ ಇರಲಿಲ್ಲ.

ತಿರುಗಿ ಬಂದು ಕಾಸಿಂಬಿಗೆ ಎಲ್ಲ ಹೇಳಿದೆ. ನಿಮ್ಮನ್ನು ಕೇಳದೆ ಹೇಳಿದ್ದಕ್ಕೆ ಬೈಯಬಹುದು. ಅವಳು ಬಾಯಿಗೆ ಸೆರಗು ಇಟ್ಟುಕೊಂಡು ಅತ್ತಳು. "ನಾ ಯಾರಿಗೂ ಏನೂ ಹೇಳಾಕತ್ತಿದ್ದಿಲ್ಲ, ತಂಗಿ. ಆಕಿ ಜೀವ ಉಳೀಲಿ ಅಂತ ದುವಾ ಬೇಡಾಕತ್ತಿದ್ದೆ." ದೊಡ್ಡ ಮನುಷ್ಯ ಎಂದದ್ದೂ ಖರೆಯಾಗಿಯೇ ಅಂದದ್ದಂತೆ. ನೀವು ಅವಳ ತುಟಿ ತಪ್ಪಾಗಿ ಓದಿದಿರಿ, ನಾನು ಅವಳ ಮಾತು ತಪ್ಪಾಗಿ ಕೇಳಿದೆ. ನಾವು ಗಂಡಹೆಂಡತಿ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ನಿನ್ನ ತಪ್ಪು ಅನ್ನುವುದಿಲ್ಲ ಎಂದು ಬರೆದಿರಿ. ಅದನ್ನು ನಾನು ಒಪ್ಪುವುದಿಲ್ಲ. ಮೂರು ನಿಮಿಷದಲ್ಲಿ ನನ್ನದೂ ಪಾಲಿದೆ. ಎಷ್ಟು ಎಂದು ಗೊತ್ತಿಲ್ಲ.

ಖರೆ ಹೇಳಬೇಕೆಂದರೆ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ. ಹೋಗುತ್ತದೆ ಎಂದು ತಿಳಿದಿದ್ದೆ. ಬದುಕಿದ್ದರೆ ಮಾದೇವಿಯ ಜೊತೆ ಜಗಳ ಮಾಡಬಹುದಿತ್ತು, ಮುಖ ನೋಡಿ ಇಷ್ಟೇನಾ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಈಗ ನೀವು ದಿನಕ್ಕೆ ಎರಡು ಸಲ ಕೆರೂರ ದಾಟುವಾಗ ಅವಳನ್ನು ನೆನೆಯುತ್ತೀರಿ. ನನ್ನನ್ನು ಯಾವ ಊರಲ್ಲಿ ನೆನೆಯುತ್ತೀರಿ? ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ, ಮುಚ್ಚಿಟ್ಟರೆ ಏನಾಗುತ್ತದೆ ಎಂದು ನೋಡಿದ್ದಾಗಿದೆ.

೨೩ನೇ ತಾರೀಖು ಸೋಮವಾರ ಹೊರಡುತ್ತೇನೆ. ಅತ್ತೆಯವರು ಒಪ್ಪಿದ್ದಾರೆ, ಕಾಸಿಂಬಿ ಅವರ ಹತ್ತಿರ ಮಲಗುತ್ತಾಳೆ. ಬಾದಾಮಿಗೆ ಹೋಗುವ ಮೊದಲು ಕೆರೂರಿನಲ್ಲಿ ಇಳಿಯುತ್ತೇನೆ, ನೀವು ಅಲ್ಲಿ ಇರಿ. ಇಬ್ಬರೂ ಕೂಡಿ ಕಲ್ಲಪ್ಪನ ಮನೆಗೆ ಹೋಗೋಣ. ಆ ಮಾತನ್ನು ನೀವು ಹೇಳಲಾಗದಿದ್ದರೆ ನಾನು ಹೇಳುತ್ತೇನೆ. ಅವರು ಅಂಗಳದಿಂದಲೇ ಹೊರಗೆ ಹಾಕಿದರೆ ಹಾಕಲಿ, ಇಬ್ಬರನ್ನೂ ಹಾಕಲಿ.

ಇನ್ನೊಂದು ಮಾತು. ಮತ್ತೆ ಎಂದಾದರೂ ಅಂಥ ಹೊತ್ತು ಬಂದರೆ, ಬಿದ್ದವಳು ಮಾಸ್ತರಬಾಯಿಯೇ ಇರಲಿ, ನೋಡುತ್ತ ನಿಂತವಳು ನಾನೇ ಇರಲಿ, ಡಾಕ್ಟರು ಬರುವ ತನಕ ಬಿಟ್ಟು ಏಳಬೇಡಿ. ಮನೆಗೆ ಬಂದ ಮೇಲೆ ನಾನು ಜಗಳ ಮಾಡುತ್ತೇನೆ. ಅದು ಬೇರೆ.

ನಿಮ್ಮ ಶಿವಲಿಂಗವ್ವ